ವಿಕಾಸ ವಿಧಾನದಿಂದ ಬಹು-ಏಜೆಂಟ್ ವ್ಯವಸ್ಥೆಗಳ ರೂಪಣೆ: ಕಾಲುವೆ ನೀರಿನ ಹಂಚಿಕೆಗೆ ಸಂಬಂಧಿಸಿದ ಮಾಹಿತಿ

ಪೀಠಿಕೆ

ವಿಜಯಪುರ ಜಿಲ್ಲೆಯ ಬಬಲೇಶ್ವರ ಹಾಗೂ ತಿಕೋಟಾ ತಾಲ್ಲೂಕುಗಳು ಕೃಷ್ಣಾ ನದಿಗೆ ದೂರವಿಲ್ಲದಿದ್ದರೂ, ನದೀಪಾತ್ರಕ್ಕಿಂತ ಎತ್ತರದಲ್ಲಿರುವ ಕಾರಣ ಬಹುಕಾಲ ಮಳೆಯನ್ನೇ ನೆಚ್ಚಿಕೊಂಡಿದ್ದ ಪ್ರದೇಶಗಳಾಗಿವೆ. ಮುಳವಾಡ ಏತ ನೀರಾವರಿ ಹಾಗೂ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳ ಮೂಲಕ ನದಿಯ ನೀರನ್ನು ಮೇಲಕ್ಕೆತ್ತಿ, ಕೆರೆಗಳನ್ನು ತುಂಬಿಸುವ ಮತ್ತು ಹೊಲಗಳಿಗೆ ಹರಿಸುವ ಕಾರ್ಯವನ್ನು ಕೈಗೊಳ್ಳಲಾಗಿದೆ. ನೀರು ಬಂದ ನಂತರ ಉದ್ಭವಿಸುವ ಪ್ರಶ್ನೆಯು ನೀರಿಲ್ಲದ ದಿನಗಳ ಪ್ರಶ್ನೆಗಿಂತ ಭಿನ್ನವಾದುದಾಗಿರುತ್ತದೆ. ಯಾವ ತೂಬನ್ನು ಯಾವ ದಿನ ಎಷ್ಟು ಹೊತ್ತು ತೆರೆಯಬೇಕು? ಮೇಲ್ಭಾಗದವರು ಪಡೆದ ಬಳಿಕ ಕಾಲುವೆಯ ಕೊನೆ ಭಾಗಕ್ಕೆ ಎಷ್ಟು ಉಳಿಯುತ್ತದೆ? ಇದನ್ನು ತೀರ್ಮಾನಿಸುವವರು ಯಾರು?

ಇಂತಹ ಪ್ರಶ್ನೆಗಳಿಗೆ ಗಣಕ ವಿಜ್ಞಾನದಲ್ಲಿ ಬಳಕೆಗೆ ಬಂದಿರುವ ಒಂದು ವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಲೇಖನದಲ್ಲಿ ನಾಲ್ಕು ತೂಬುಗಳ ಕಾಲುವೆಯೊಂದನ್ನು ಉದಾಹರಣೆಯಾಗಿ ಬಳಸಿದ್ದು, ಅದು ಕಲ್ಪಿತವಾದುದು. ಮೇಲ್ಕಂಡ ಯೋಜನೆಗಳಲ್ಲಿ ಜಾರಿಯಲ್ಲಿರುವ ಯಾವುದೇ ಕ್ರಮದ ವಿವರಣೆ ಅದಲ್ಲವೆಂಬುದನ್ನು ಗಮನಿಸತಕ್ಕದ್ದು.

ಏಜೆಂಟ್ ಎಂದರೇನು

ಗಣಕ ವಿಜ್ಞಾನದಲ್ಲಿ ಏಜೆಂಟ್ ಎಂಬ ಪದಕ್ಕೆ ವಿಮಾ ಏಜೆಂಟ್, ಕಮಿಷನ್ ಏಜೆಂಟ್ ಎಂಬಲ್ಲಿನ ಅರ್ಥವಿಲ್ಲ. ತನ್ನ ಸುತ್ತಲಿನ ಸ್ಥಿತಿಯನ್ನು ತಾನೇ ಅರಿತು, ತನಗೆ ಒದಗಿಸಿದ ನಿಯಮದಂತೆ ತಾನೇ ತೀರ್ಮಾನಿಸಿ ಕಾರ್ಯವೆಸಗುವ ಘಟಕಕ್ಕೆ ಏಜೆಂಟ್ ಎನ್ನಲಾಗುತ್ತದೆ. ಅದು ತಂತ್ರಾಂಶದ ಒಂದು ಭಾಗವಾಗಿರಬಹುದು, ರೋಬೋ ಆಗಿರಬಹುದು, ಮೋಟಾರು ಅಳವಡಿಸಿದ ಕಾಲುವೆಯ ಗೇಟೂ ಆಗಿರಬಹುದು. ಇಂತಹ ಹಲವು ಘಟಕಗಳು ಒಂದೇ ಸಂಪನ್ಮೂಲವನ್ನು ಅವಲಂಬಿಸಿ, ಪ್ರತಿಯೊಂದೂ ತನಗೆ ಕಾಣುವಷ್ಟನ್ನು ಮಾತ್ರ ನೋಡಿ ವರ್ತಿಸುವಾಗ ಅದನ್ನು ಬಹು-ಏಜೆಂಟ್ ವ್ಯವಸ್ಥೆ ಎಂದು ಕರೆಯಲಾಗುತ್ತದೆ.

ಬುದ್ಧಿಯ ಅಂಶವನ್ನು ಬದಿಗಿಟ್ಟರೆ ಈ ಕಲ್ಪನೆ ವಿಜಯಪುರಕ್ಕೆ ತೀರ ಅಪರಿಚಿತವೇನಲ್ಲ. 1651ರಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ನಿರ್ಮಾಣಗೊಂಡ ಬೇಗಂ ತಲಾಬಿನಿಂದ ನಗರಕ್ಕೆ ಮಣ್ಣಿನ ಕೊಳವೆಗಳ ಮೂಲಕ ನೀರು ಹರಿಯುತ್ತಿತ್ತು. ನಗರದಲ್ಲಿ ಇಂದಿಗೂ ಕಾಣಸಿಗುವ ಗಂಜ್ ಎಂಬ ನೀರಿನ ಗೋಪುರಗಳು ಕೊಳವೆಯೊಳಗಿನ ಒತ್ತಡವನ್ನು ತಾವಿದ್ದ ಸ್ಥಳದಲ್ಲಿಯೇ ತಗ್ಗಿಸುತ್ತಿದ್ದವು. ಅವುಗಳಿಗೆ ಕೇಂದ್ರದಿಂದ ಆದೇಶ ಬರಬೇಕಾಗಿರಲಿಲ್ಲ. ಆದರೆ ಗಂಜ್ ಕಲಿಯುವುದಿಲ್ಲ. ಕಟ್ಟಿದವರು ನಿಗದಿಪಡಿಸಿದ ಒಂದೇ ಕೆಲಸವನ್ನು ಮಾಡುತ್ತದೆ. ಸ್ಥಿತಿಗತಿಗೆ ತಕ್ಕಂತೆ ಉತ್ತಮ ನಿಯಮವನ್ನು ತಾನಾಗಿ ಕಂಡುಕೊಳ್ಳುವ ಘಟಕವನ್ನು ಹೇಗೆ ರೂಪಿಸುವುದು ಎಂಬಲ್ಲಿ ವಿಕಾಸ ವಿಧಾನದ ಪ್ರಸ್ತಾಪ ಬರುತ್ತದೆ.

ವಿಕಾಸ ವಿಧಾನದ ಕಾರ್ಯಕ್ರಮ

ಜೀವಿಗಳ ವಿಕಾಸದ ಮಾದರಿಯನ್ನು ಲೆಕ್ಕಾಚಾರಕ್ಕೆ ಬಳಸುವ ಪ್ರಯತ್ನಗಳು 1960ರ ದಶಕದಲ್ಲಿ ಬರ್ಲಿನ್‌ನ ರೆಕೆನ್‌ಬರ್ಗ್ ಹಾಗೂ ಶ್ವೆಫೆಲ್ ಮತ್ತು ಅಮೆರಿಕದ ಲಾರೆನ್ಸ್ ಫೋಗೆಲ್ ಅವರಿಂದ ನಡೆದವು. ಮಿಚಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಜೆನೆಟಿಕ್ ಅಲ್ಗಾರಿದಮ್ ಎಂಬ ವಿಧಾನಕ್ಕೆ ಭದ್ರ ಬುನಾದಿ ದೊರೆಯಿತು.

ವಿಧಾನದ ತಿರುಳನ್ನು ಒಂದು ತೂಬಿನ ಉದಾಹರಣೆಯಿಂದ ತಿಳಿಯಬಹುದು. ತೂಬಿನ ಗೇಟು ಮೂರು ಸಂಗತಿಗಳನ್ನು ಮಾತ್ರ ಅರಿಯಬಲ್ಲದು ಎಂದಿಟ್ಟುಕೊಳ್ಳೋಣ: ತನ್ನ ಕೆರೆ ಅರ್ಧಕ್ಕಿಂತ ಕಡಿಮೆ ಇದೆಯೇ, ಕೆಳಗಿನ ತೂಬಿನ ಕೆರೆ ಅರ್ಧಕ್ಕಿಂತ ಕಡಿಮೆ ಇದೆಯೇ, ಮಳೆಯ ಮುನ್ಸೂಚನೆ ಇದೆಯೇ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಎರಡು ಉತ್ತರಗಳಿರುವುದರಿಂದ ಒಟ್ಟು 8 ಸನ್ನಿವೇಶಗಳಾಗುತ್ತವೆ. ಪ್ರತಿ ಸನ್ನಿವೇಶದಲ್ಲಿ ತೆರೆಯಬೇಕಾದಲ್ಲಿ 1, ಮುಚ್ಚಬೇಕಾದಲ್ಲಿ 0 ಎಂದು ಬರೆದರೆ, ಗೇಟಿನ ಸಂಪೂರ್ಣ ನಿಯಮವು 8 ಅಂಕಿಗಳ ಒಂದು ಸಾಲಾಗುತ್ತದೆ. ಈ ಸಾಲೇ ಅದರ ವರ್ಣತಂತು. ಒಂದೊಂದು ಅಂಕಿಯೂ ಒಂದು ವಂಶವಾಹಿ.

ಒಂದು ಗೇಟಿಗೆ ಸಾಧ್ಯವಿರುವ ನಿಯಮಗಳು 256. ಇಷ್ಟನ್ನು ಒಂದೊಂದಾಗಿ ಪರೀಕ್ಷಿಸುವುದು ಕಷ್ಟವಲ್ಲ. ಆದರೆ ಒಂದೇ ಕಾಲುವೆಯ ಮೇಲಿನ ನಾಲ್ಕು ಗೇಟುಗಳನ್ನು ಒಟ್ಟಿಗೆ ಪರಿಗಣಿಸಿದರೆ ಸಂಯೋಜನೆಗಳ ಸಂಖ್ಯೆ 429 ಕೋಟಿಯನ್ನು ಮೀರುತ್ತದೆ. ಗೇಟುಗಳು ಗಮನಿಸುವ ಸಂಗತಿಗಳಿಗೆ ಇನ್ನೊಂದನ್ನು ಸೇರಿಸಿದರೆ ಅದು 20 ಅಂಕಿಗಳ ಸಂಖ್ಯೆಯಾಗುತ್ತದೆ. ಎಲ್ಲವನ್ನೂ ಪರೀಕ್ಷಿಸುವ ಮಾರ್ಗ ಅಲ್ಲಿಗೆ ಮುಗಿಯಿತು.

ಆದ್ದರಿಂದ ಮೊದಲಿಗೆ ಮನಬಂದಂತೆ ಬರೆದ ಕೆಲವು ನಿಯಮಗಳ ಒಂದು ಪೀಳಿಗೆಯನ್ನು ಗಣಕದಲ್ಲಿ ಸೃಷ್ಟಿಸಲಾಗುತ್ತದೆ. ಕಾಲುವೆಯ ಗಣಕ ಮಾದರಿಯಲ್ಲಿ ಪ್ರತಿ ನಿಯಮವನ್ನು ಒಂದು ಹಂಗಾಮಿನ ಮಟ್ಟಿಗೆ ನಡೆಸಿ ಅರ್ಹತಾ ಅಂಕವನ್ನು ನೀಡಲಾಗುತ್ತದೆ. ಹೆಚ್ಚು ಅಂಕ ಪಡೆದವುಗಳಿಗೆ ಮುಂದಿನ ಪೀಳಿಗೆಗೆ ಹೋಗುವ ಅವಕಾಶ ಹೆಚ್ಚು. ಆಯ್ಕೆಯಾದ ಎರಡು ನಿಯಮಗಳ ಭಾಗಗಳನ್ನು ಕೂಡಿಸಿ ಹೊಸದನ್ನು ಪಡೆಯುವುದಕ್ಕೆ ಸಂಕರವೆಂದೂ, ಅಲ್ಲೊಂದು ಇಲ್ಲೊಂದು ಅಂಕಿಯನ್ನು ಅಡ್ಡಾದಿಡ್ಡಿಯಾಗಿ ಬದಲಿಸುವುದಕ್ಕೆ ಉತ್ಪರಿವರ್ತನೆಯೆಂದೂ ಹೆಸರು. ಹೀಗೆ ಹತ್ತಾರು ಅಥವಾ ನೂರಾರು ಪೀಳಿಗೆಗಳು ಕಳೆದಾಗ, ಯಾರೂ ಕುಳಿತು ಬರೆಯದ ಉತ್ತಮ ನಿಯಮಗಳು ಉಳಿದುಕೊಳ್ಳುತ್ತವೆ. ಬಿತ್ತನೆಗೆ ಒಳ್ಳೆಯ ತೆನೆಯನ್ನು ಆರಿಸಿಟ್ಟುಕೊಳ್ಳುವ ಬಿಳಿಜೋಳದ ರೈತರಿಗೆ ಈ ಕ್ರಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಯಾವ ತೆನೆ ಒಳ್ಳೆಯದು ಎಂಬುದನ್ನು ಅಲ್ಲಿ ರೈತನೇ ನಿರ್ಧರಿಸುತ್ತಾನೆ. ಗಣಕದಲ್ಲಿ ಅದನ್ನು ಅರ್ಹತಾ ಅಂಕವು ನಿರ್ಧರಿಸುತ್ತದೆ.

ಕರ್ನಾಟಕದ ಜಲಾಶಯಗಳ ಕುರಿತ ಅಧ್ಯಯನಗಳು

ಈ ವಿಧಾನವನ್ನು ರಾಜ್ಯದ ನೀರಾವರಿ ಜಲಾಶಯಗಳಿಗೆ ಅನ್ವಯಿಸಿದ ಅಧ್ಯಯನಗಳು ಪ್ರಕಟವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾಗೇಶ್ ಕುಮಾರ್ ಅವರು ಕೆ. ಶ್ರೀನಿವಾಸ ರಾಜು ಹಾಗೂ ಬಿ. ಅಶೋಕ್ ಅವರೊಂದಿಗೆ 2006ರಲ್ಲಿ ಪ್ರಕಟಿಸಿದ ಪ್ರಬಂಧವು ಮಲಪ್ರಭಾ ಜಲಾಶಯಕ್ಕೆ ಸಂಬಂಧಿಸಿದ್ದಾಗಿದೆ. ಜಲಾಶಯದ ಒಳಹರಿವು, ಅಚ್ಚುಕಟ್ಟಿನ ಮಳೆ, ಮಣ್ಣಿನ ತೇವಾಂಶ ಹಾಗೂ ಒಂದೇ ಹಂಗಾಮಿನಲ್ಲಿ ನೀರಿಗಾಗಿ ಪೈಪೋಟಿ ನಡೆಸುವ ಹಲವು ಬೆಳೆಗಳ ಅಗತ್ಯಗಳನ್ನು ಪರಿಗಣಿಸಿ, ಎಲ್ಲ ಬೆಳೆಗಳ ಸಾಪೇಕ್ಷ ಇಳುವರಿಯ ಮೊತ್ತವನ್ನು ಗರಿಷ್ಠಗೊಳಿಸುವ ಗುರಿಯನ್ನು ಅದರಲ್ಲಿ ಇರಿಸಿಕೊಳ್ಳಲಾಗಿತ್ತು. ಜೆನೆಟಿಕ್ ಅಲ್ಗಾರಿದಮ್‌ನಿಂದ ದೊರೆತ ಕಾರ್ಯನೀತಿಯು ಹಳೆಯದಾದ ಲೀನಿಯರ್ ಪ್ರೋಗ್ರಾಮಿಂಗ್ ವಿಧಾನದಿಂದ ದೊರೆತುದನ್ನೇ ಹೋಲುತ್ತಿತ್ತು ಎಂದು ಲೇಖಕರು ದಾಖಲಿಸಿದ್ದಾರೆ. ಹೊಸ ವಿಧಾನವೆಂದ ಮಾತ್ರಕ್ಕೆ ಎಲ್ಲೆಡೆ ಹೊಸ ಉತ್ತರವೇ ಬರುತ್ತದೆಂದು ಭಾವಿಸಬಾರದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಗುರಿ ಒಂದಕ್ಕಿಂತ ಹೆಚ್ಚಾದಾಗ ವಿಕಾಸ ವಿಧಾನದ ಉಪಯುಕ್ತತೆ ಸ್ಪಷ್ಟವಾಗುತ್ತದೆ. ಅದೇ ವರ್ಷ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ ಅವರು ಭದ್ರಾ ಜಲಾಶಯದ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ನೀರಾವರಿ, ಜಲವಿದ್ಯುತ್ ಹಾಗೂ ಕೆಳಭಾಗದ ನದಿ ನೀರಿನ ಗುಣಮಟ್ಟ ಎಂಬ ಹಲವು ಅಗತ್ಯಗಳಿದ್ದವು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುವ ಇಂತಹ ಸಂದರ್ಭದಲ್ಲಿ ಸರಿಯುತ್ತರ ಒಂದೇ ಇರುವುದಿಲ್ಲ. ವಿಕಾಸ ವಿಧಾನವು ಒಂದು ಇಡೀ ಪೀಳಿಗೆಯನ್ನು ಮುಂದೊಯ್ಯುವುದರಿಂದ, ಒಂದರ ಬದಲಿಗೆ ಹಲವು ಪರ್ಯಾಯ ಕಾರ್ಯನೀತಿಗಳನ್ನು ಅಧಿಕಾರಿಗಳ ಮುಂದಿಡುತ್ತದೆ. ಆರಿಸುವ ಹೊಣೆ ಮನುಷ್ಯರಲ್ಲಿಯೇ ಉಳಿಯುತ್ತದೆ. ಇಂತಹ ಬಹು ಗುರಿಗಳ ಲೆಕ್ಕಾಚಾರಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎನ್‌ಎಸ್‌ಜಿಎ-2 ಎಂಬ ಕ್ರಮವನ್ನು ಐಐಟಿ ಕಾನ್ಪುರದಲ್ಲಿ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ರೂಪಿಸಿ 2002ರಲ್ಲಿ ಪ್ರಕಟಿಸಿದರು.

ಈ ಎರಡೂ ಅಧ್ಯಯನಗಳಲ್ಲಿ ತೀರ್ಮಾನಿಸುವ ಸ್ಥಾನ ಒಂದೇ, ಅಂದರೆ ಜಲಾಶಯ. ಕಾಲುವೆಯ ಉದ್ದಕ್ಕೂ ತೀರ್ಮಾನಿಸುವವರು ಹಲವರಿರುವಾಗ ಏನಾಗುತ್ತದೆ ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ.

ಹಲವರು ತೀರ್ಮಾನಿಸುವಲ್ಲಿ: ಬಾಲಿ ದ್ವೀಪದ ಉದಾಹರಣೆ

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಭತ್ತದ ಗದ್ದೆಗಳ ನೀರನ್ನು ಸುಬಕ್ ಎಂಬ ರೈತರ ಸಂಘಗಳು ನಿರ್ವಹಿಸುತ್ತವೆ. ಯಾವಾಗ ನಾಟಿ, ಯಾವಾಗ ಬೀಳು ಎಂಬುದನ್ನು ನೀರಿನ ದೇವಾಲಯಗಳ ಮೂಲಕ ಹಲವು ಸುಬಕ್‌ಗಳು ಕೂಡಿ ನಿರ್ಧರಿಸುವುದು ಅಲ್ಲಿನ ಪದ್ಧತಿ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಂಗವಾಗಿ, ಈ ಹೊಂದಾಣಿಕೆಯನ್ನು ಬದಿಗಿರಿಸಿ ಸಾಧ್ಯವಾದಷ್ಟು ಸಲ ಭತ್ತ ಬೆಳೆಯುವಂತೆ ರೈತರನ್ನು ಪ್ರೋತ್ಸಾಹಿಸಲಾಯಿತು. ತತ್ಪರಿಣಾಮವಾಗಿ ನೀರಿನ ಅಭಾವ ಹಾಗೂ ಕೀಟಬಾಧೆ ಉಲ್ಬಣಿಸಿದವು.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ನದಿಗಳ ಮೇಲಿನ 172 ಸುಬಕ್‌ಗಳನ್ನು ಗಣಕದಲ್ಲಿ ಏಜೆಂಟ್‌ಗಳಾಗಿ ರೂಪಿಸಿದರು. ಪ್ರತಿ ಸುಬಕ್‌ಗೂ ಮೊದಲಿಗೆ ಯಾವುದೋ ಒಂದು ಬೆಳೆ ಕ್ರಮವನ್ನು ನೀಡಲಾಯಿತು. ವರ್ಷದ ಕೊನೆಗೆ ಅದು ಸಮೀಪದ ನಾಲ್ಕು ನೆರೆಯ ಸುಬಕ್‌ಗಳ ಇಳುವರಿಯನ್ನು ನೋಡಿ, ತನಗಿಂತ ಉತ್ತಮ ಕಂಡಲ್ಲಿ ಆ ಕ್ರಮವನ್ನು ಅನುಕರಿಸುತ್ತದೆ. ನಿಯಮ ಇಷ್ಟೇ. ಮೇಲಿನಿಂದ ಯಾವ ಆದೇಶವೂ ಇಲ್ಲ. ಆದರೂ ವರ್ಷಗಳು ಉರುಳಿದಂತೆ ಮಾದರಿಯಲ್ಲಿ ಇಳುವರಿ ಏರಿತು. ಒಟ್ಟಾಗಿ ನಾಟಿ ಮಾಡುವ ಸುಬಕ್‌ಗಳ ಗುಂಪುಗಳು ತಾವಾಗಿಯೇ ಏರ್ಪಟ್ಟವು. ಆ ಗುಂಪುಗಳು ವಾಸ್ತವದ ದೇವಾಲಯ ಜಾಲವನ್ನು ಹೋಲುತ್ತಿದ್ದವು.

ಈ ಫಲಿತಾಂಶವನ್ನು ಓದಿ, ಏಜೆಂಟ್‌ಗಳನ್ನು ಬಿಟ್ಟರೆ ಸಹಕಾರ ತಾನಾಗಿ ಬರುತ್ತದೆ ಎಂದು ತಿಳಿದಲ್ಲಿ ಅದು ಅವಸರದ ತೀರ್ಮಾನವಾಗುತ್ತದೆ. ಬಾಲಿಯಲ್ಲಿ ಮೇಲ್ಭಾಗದ ರೈತನಿಗೂ ಕೆಳಭಾಗದವನ ಅಗತ್ಯವಿದೆ. ಎಲ್ಲರೂ ಒಂದೇ ಕಾಲಕ್ಕೆ ಗದ್ದೆಯನ್ನು ಬೀಳು ಬಿಟ್ಟರೆ ಮಾತ್ರ ಕೀಟಗಳಿಗೆ ಆಹಾರವಿಲ್ಲದಂತಾಗುತ್ತದೆ. ಕೆಳಭಾಗದವನು ನೀರಿಲ್ಲದೆ ತಡವಾಗಿ ನಾಟಿ ಮಾಡಿದರೆ ಕೀಟಗಳು ಮೇಲಕ್ಕೆ ಬರುತ್ತವೆ. ಅಂದರೆ ನೀರನ್ನು ಬಿಟ್ಟುಕೊಡುವುದರಲ್ಲಿ ಮೇಲ್ಭಾಗದವನಿಗೆ ಸ್ವಂತ ಲಾಭವಿದೆ. ಬಬಲೇಶ್ವರ-ತಿಕೋಟಾ ಭಾಗದಲ್ಲಿ ಒಬ್ಬರ ಹೊಲದಲ್ಲಿ ಕಬ್ಬು, ಇನ್ನೊಬ್ಬರಲ್ಲಿ ದ್ರಾಕ್ಷಿ, ಮತ್ತೊಬ್ಬರಲ್ಲಿ ತೊಗರಿ ಅಥವಾ ಜೋಳ ಇರುವಾಗ ಅಂತಹ ಬಂಧ ತಾನಾಗಿ ಇರುವುದಿಲ್ಲ. ಕೊನೆ ಭಾಗದವನಿಗೆ ನೀರು ತಲುಪದಿದ್ದರೆ ಮೊದಲ ತೂಬಿನವನಿಗೆ ಆ ಹಂಗಾಮಿನಲ್ಲಿ ನಷ್ಟವೇನೂ ಆಗುವುದಿಲ್ಲ.

ರಾಬರ್ಟ್ ಆಕ್ಸೆಲ್‌ರಾಡ್ ಅವರು 1987ರಲ್ಲಿ ಜೆನೆಟಿಕ್ ಅಲ್ಗಾರಿದಮ್ ಬಳಸಿ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ, ಎದುರಾಳಿ ಸಹಕರಿಸಿದರೆ ಸಹಕರಿಸುವ, ವಂಚಿಸಿದರೆ ಹಾಗೆಯೇ ಪ್ರತಿವರ್ತಿಸುವ ನಿಯಮಗಳು ವಿಕಾಸಗೊಂಡಿದ್ದವು. ಅಲ್ಲಿ ಇಬ್ಬರೂ ಸಮಬಲರು. ಕಾಲುವೆಯಲ್ಲಿ ಕೆಳಗಿನವನು ಮೇಲಿನವನಿಗೆ ಹಾಗೆ ತಿರುಗೇಟು ನೀಡಲಾರ; ನೀರು ಮೇಲಕ್ಕೆ ಹರಿಯುವುದಿಲ್ಲ. ಆದುದರಿಂದ ಆ ಪ್ರಯೋಗದ ಭರವಸೆಯನ್ನು ಇಲ್ಲಿಗೆ ಅನ್ವಯಿಸುವಂತಿಲ್ಲ.

ಅಂಕವನ್ನು ಯಾವುದಕ್ಕೆ ನೀಡಬೇಕು

ಮೇಲ್ಕಂಡ ಕಾರಣಗಳಿಂದ ಇಡೀ ವಿಷಯವು ಅರ್ಹತಾ ಅಂಕದ ಮೇಲೆ ನಿಲ್ಲುತ್ತದೆ. ಲೆಕ್ಕದ ಸಲುವಾಗಿ ನಾಲ್ಕು ತೂಬುಗಳ ಕಾಲುವೆಯನ್ನು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಪ್ರತಿ ತೂಬಿನ ಅಚ್ಚುಕಟ್ಟಿನ ಇಳುವರಿಯನ್ನು ನೂರಕ್ಕೆ ಇಷ್ಟು ಎಂದು ಸೂಚಿಸೋಣ. ಮೂರು ಬಗೆಯ ನಿಯಮಗಳಿಂದ ಈ ಕೆಳಗಿನಂತೆ ಇಳುವರಿ ಬಂದಿದೆ ಎಂದು ಕಲ್ಪಿಸಿಕೊಳ್ಳಬಹುದು.

ಮೊದಲನೆಯ ನಿಯಮ: 98, 80, 50, 10. ಮೊತ್ತ 238.
ಎರಡನೆಯ ನಿಯಮ: 95, 90, 80, 35. ಮೊತ್ತ 300.
ಮೂರನೆಯ ನಿಯಮ: 75, 72, 70, 67. ಮೊತ್ತ 284.

ಪ್ರತಿ ಗೇಟಿಗೂ ಅದರದೇ ಅಚ್ಚುಕಟ್ಟಿನ ಇಳುವರಿಯನ್ನು ಅಂಕವಾಗಿ ನೀಡಿದರೆ, ಮೇಲಿನ ಗೇಟು ಸದಾ ತೆರೆದಿರುವ ನಿಯಮದತ್ತ ವಿಕಾಸಗೊಂಡು ಮೊದಲನೆಯ ಸ್ಥಿತಿ ಬರುತ್ತದೆ. ಎಲ್ಲರ ಮೊತ್ತವನ್ನು ಅಂಕವಾಗಿ ನೀಡಿದರೆ ಎರಡನೆಯದು ಉಳಿಯುತ್ತದೆ. ಕೊನೆಗೆ ಸಾಗಿಸುವ ನೀರಿನಲ್ಲಿ ದಾರಿಯುದ್ದಕ್ಕೂ ಇಂಗುವಿಕೆ ಇರುವುದರಿಂದ, ಮೊತ್ತದ ದೃಷ್ಟಿಯಿಂದ ಮೇಲ್ಭಾಗಕ್ಕೆ ಕೊಡುವುದೇ ಲಾಭದಾಯಕವಾಗಿ ಕಾಣುತ್ತದೆ. ಅತಿ ಕಡಿಮೆ ಪಡೆದವನ ಪಾಲನ್ನೇ ಅಂಕವಾಗಿ ಪರಿಗಣಿಸಿದರೆ ಮೂರನೆಯದು ಗೆಲ್ಲುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಮೊತ್ತದಲ್ಲಿ ಇರುವ ವ್ಯತ್ಯಾಸ 16. ಕೊನೆಯ ತೂಬಿನ ರೈತನ ಪಾಲಿಗೆ ವ್ಯತ್ಯಾಸ 35 ಮತ್ತು 67ರದು. ವರ್ಷಾಂತ್ಯದ ತಖ್ತೆಯಲ್ಲಿ ಮೊತ್ತದ ಕಾಲಂ ಮಾತ್ರ ಇದ್ದಲ್ಲಿ ಎರಡನೆಯ ನಿಯಮವೇ ಯಶಸ್ವಿ ಎಂದು ದಾಖಲಾಗುತ್ತದೆ. ಗಣಕವು ಇದರಲ್ಲಿ ಯಾವ ತಪ್ಪನ್ನೂ ಮಾಡಿರುವುದಿಲ್ಲ.

ಅಂಕ ನೀಡುವ ಅವಧಿಯೂ ಮುಖ್ಯ. ಒಂದು ಹಂಗಾಮಿನ ಇಳುವರಿಯನ್ನಷ್ಟೇ ಅಳೆದರೆ, ಎರೆ ಭೂಮಿಗೆ ಅತಿಯಾಗಿ ನೀರುಣಿಸಿದ್ದರಿಂದ ಮುಂದೆ ಉಂಟಾಗುವ ಸವಳು-ಜವಳು ಲೆಕ್ಕಕ್ಕೇ ಬರುವುದಿಲ್ಲ. ಹತ್ತು ವರ್ಷಗಳ ಅವಧಿಯನ್ನು ಇಟ್ಟುಕೊಂಡಲ್ಲಿ ಸದಾ ತೆರೆದ ಗೇಟು ತನ್ನ ಸ್ವಂತ ಅಂಕವನ್ನೇ ಕಳೆದುಕೊಳ್ಳುತ್ತದೆ. ಆಗ ಮೇಲ್ಭಾಗದವನಿಗೂ ನೀರನ್ನು ಬಿಟ್ಟುಕೊಡಲು ಕಾರಣ ದೊರೆತಂತಾಗುತ್ತದೆ. ಬಾಲಿಯಲ್ಲಿ ಕೀಟಗಳು ನಿರ್ವಹಿಸಿದ ಪಾತ್ರವನ್ನು ಇಲ್ಲಿ ಅವಧಿಯ ಆಯ್ಕೆ ನಿರ್ವಹಿಸಬಲ್ಲದು.

ಅಂಕ ಯಾರಿಗೆ ಸಲ್ಲುತ್ತದೆ ಎಂಬುದು ಏಜೆಂಟ್‌ಗಳ ಪ್ರಾಮಾಣಿಕತೆಯನ್ನೂ ನಿರ್ಧರಿಸುತ್ತದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಡಾರಿಯೊ ಫ್ಲೊರಿಯಾನೊ, ಲಾರೆಂಟ್ ಕೆಲ್ಲರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಬೋಗಳ ಗುಂಪುಗಳು ಆಹಾರ ಮತ್ತು ವಿಷವೆಂದು ಗುರುತಿಸಿದ ಎರಡು ಸ್ಥಳಗಳ ನಡುವೆ ಸಂಚರಿಸುತ್ತಿದ್ದವು. ರೋಬೋಗಳು ದೀಪ ಬೆಳಗಿಸಿ ಸಂಜ್ಞೆ ನೀಡಬಹುದಿತ್ತು. ಗುಂಪಿಗೆ ಒಟ್ಟಾಗಿ ಅಂಕ ನೀಡಿದಾಗ, ಅಥವಾ ಗುಂಪಿನ ರೋಬೋಗಳು ಒಂದೇ ವಂಶದವಾಗಿದ್ದಾಗ, ಆಹಾರದ ಜಾಗವನ್ನು ತಿಳಿಸುವ ಇಲ್ಲವೇ ವಿಷದ ಬಗ್ಗೆ ಎಚ್ಚರಿಸುವ ಸಂಜ್ಞೆಗಳು ವಿಕಾಸಗೊಂಡವು. ಸಂಬಂಧವಿಲ್ಲದ ರೋಬೋಗಳಿಗೆ ಪ್ರತ್ಯೇಕವಾಗಿ ಅಂಕ ನೀಡಿದಾಗ, ಆಹಾರದಿಂದ ದೂರದಲ್ಲಿ ದೀಪ ಬೆಳಗಿಸಿ ಇತರರನ್ನು ದಾರಿ ತಪ್ಪಿಸುವ ವರ್ತನೆ ಕಾಣಿಸಿಕೊಂಡಿತು. ವಂಚಿಸಬೇಕೆಂದು ಅವುಗಳಿಗೆ ಯಾರೂ ಕಲಿಸಿರಲಿಲ್ಲ. ತನ್ನ ಕೆರೆಯ ಮಟ್ಟವನ್ನು ತಾನೇ ವರದಿ ಮಾಡಿ, ತನ್ನ ಪಾಲನ್ನೇ ಅಂಕವಾಗಿ ಪಡೆಯುವ ಗೇಟು ಕಡಿಮೆ ಮಟ್ಟವನ್ನು ವರದಿ ಮಾಡಲು ಕಲಿತರೆ ಆಶ್ಚರ್ಯಪಡಬೇಕಾಗಿಲ್ಲ.

ಸಂಬಂಧಿತ ಇನ್ನೊಂದು ವಿಧಾನ

ಪೀಳಿಗೆಗಳಿಲ್ಲದೆ, ಏಜೆಂಟ್‌ಗಳ ಗುಂಪೇ ಹುಡುಕಾಟ ನಡೆಸುವ ವಿಧಾನಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎನ್. ಕೃಷ್ಣಾನಂದ್ ಮತ್ತು ದೇಬಶಿಶ್ ಘೋಷ್ ಅವರು 2005ರಲ್ಲಿ ಮಂಡಿಸಿದ ಮಿಂಚುಹುಳು ವಿಧಾನದಲ್ಲಿ, ಪ್ರತಿ ಏಜೆಂಟ್ ತಾನಿರುವ ಸ್ಥಳದ ಗುಣಕ್ಕೆ ತಕ್ಕಂತೆ ಬೆಳಗುತ್ತದೆ ಮತ್ತು ತನಗಿಂತ ಹೆಚ್ಚು ಬೆಳಗುವ ನೆರೆಯದರತ್ತ ಚಲಿಸುತ್ತದೆ. ಒಂದೇ ಗುರಿಯತ್ತ ಎಲ್ಲವೂ ನುಗ್ಗುವ ಬದಲು ಗುಂಪುಗಳಾಗಿ ಒಡೆದು ಹಲವು ಮೂಲಗಳನ್ನು ಏಕಕಾಲಕ್ಕೆ ಪತ್ತೆಹಚ್ಚುವುದು ಇದರ ವೈಶಿಷ್ಟ್ಯ.

ಮಿತಿಗಳು

ವಿಕಾಸವು ನಡೆಯುವುದು ಗಣಕ ಮಾದರಿಯಲ್ಲಿ. ಎರಡನೆಯ ತೂಬನ್ನು ದಾಟಿದ ನೀರು ಮೂರನೆಯದಕ್ಕೆ ತಲುಪುತ್ತದೆ ಎಂದು ಮಾದರಿ ನಂಬಿರುತ್ತದೆ. ನಡುವೆ ಹೂಳು, ಜೊಂಡು, ಒಡೆದ ಲೈನಿಂಗ್ ಇರಬಹುದು. ಕಾಲುವೆಗೆ ನೇರವಾಗಿ ಪಂಪ್‌ಸೆಟ್ ಅಳವಡಿಸಿರಬಹುದು. ಏತ ನೀರಾವರಿಯಲ್ಲಿ ವಿದ್ಯುತ್ ವ್ಯತ್ಯಯವಾದರೆ ಕಾಲುವೆಗೆ ಬರುವ ನೀರೇ ಬದಲಾಗುತ್ತದೆ. ಇವುಗಳನ್ನು ಅರಿಯದ ಮಾದರಿಯಲ್ಲಿ ಗೆದ್ದ ನಿಯಮ ಹೊಲದಲ್ಲಿ ಸೋಲುತ್ತದೆ. ಆದಕಾರಣ ಅಳತೆಯೇ ಮೊದಲ ಕೆಲಸ. ಬಸವಸಾಗರದ ನಾರಾಯಣಪುರ ಎಡದಂಡೆ ಕಾಲುವೆ ಜಾಲದಲ್ಲಿ ಗೇಟುಗಳನ್ನು ದೂರದಿಂದ ಗಮನಿಸುವ ಹಾಗೂ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಸ್ಕಾಡಾ ಎಂಬುದು ಕಲಿಯುವ ವ್ಯವಸ್ಥೆಯಲ್ಲ. ಅದು ಅಳೆಯುತ್ತದೆ ಮತ್ತು ಆದೇಶವನ್ನು ಪಾಲಿಸುತ್ತದೆ. ಆದರೆ ಅಂತಹ ಅಳತೆಯಿಲ್ಲದೆ ಕಲಿಯುವ ವ್ಯವಸ್ಥೆಗೆ ಆಧಾರವೇ ಇರುವುದಿಲ್ಲ.

ಮತ್ತೊಂದು ಮಿತಿಯು ನಿಯಮವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಸಂಬಂಧಿಸಿದೆ. ಮೇಲೆ ತಿಳಿಸಿದ 8 ಅಂಕಿಗಳ ನಿಯಮವನ್ನು ತೂಬಿನ ಬಳಿ ಫಲಕದಲ್ಲಿ ಬರೆದು ಹಾಕಬಹುದು. ಯಾರು ಬೇಕಾದರೂ ಪ್ರಶ್ನಿಸಬಹುದು. ನರಜಾಲ ಮಾದರಿಯ ನಿಯಮಗಳು ಹೆಚ್ಚು ಸೂಕ್ಷ್ಮವಾಗಿದ್ದರೂ ಅವುಗಳನ್ನು ಹೀಗೆ ಓದಲಾಗುವುದಿಲ್ಲ. ಸಾರ್ವಜನಿಕ ನೀರಿನ ವಿಷಯದಲ್ಲಿ ಸ್ವಲ್ಪ ಇಳುವರಿಯನ್ನು ಬಿಟ್ಟುಕೊಟ್ಟಾದರೂ ಓದಬಹುದಾದ ನಿಯಮವನ್ನೇ ಆರಿಸುವುದು ಸೂಕ್ತವೆನಿಸುತ್ತದೆ.

ನೀರು ಬಳಕೆದಾರರ ಗಮನಕ್ಕೆ

ಕರ್ನಾಟಕ ನೀರಾವರಿ ಕಾಯ್ದೆ, 1965ಕ್ಕೆ 2000ದಲ್ಲಿ ತಂದ ತಿದ್ದುಪಡಿಯ ನಂತರ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾಲುವೆ ನೀರಿನ ಹಂಚಿಕೆಯಲ್ಲಿ ಕಾನೂನುಬದ್ಧ ಸ್ಥಾನ ದೊರೆತಿದೆ. ಸ್ವಯಂಚಾಲಿತ ಹಂಚಿಕೆಯ ಪ್ರಸ್ತಾವನೆ ಯಾವುದೇ ಅಚ್ಚುಕಟ್ಟಿನಲ್ಲಿ ಬಂದಾಗ, ಯಂತ್ರದ ಬೆಲೆ ಹಾಗೂ ತಯಾರಕರ ವಿವರಗಳ ಜೊತೆಗೆ ಅರ್ಹತಾ ಅಂಕವನ್ನು ಯಾವ ಸೂತ್ರದಿಂದ ಲೆಕ್ಕ ಹಾಕಲಾಗಿದೆ ಎಂಬುದನ್ನು ಸಂಘದ ಸಭೆಯ ಮುಂದಿಡುವಂತೆ ಕೇಳಬಹುದಾಗಿದೆ. ಸೂತ್ರದಲ್ಲಿ ಕೊನೆಯ ತೂಬಿನ ಪಾಲು ಪ್ರತ್ಯೇಕವಾಗಿ ಇದೆಯೇ ಅಥವಾ ಮೊತ್ತದಲ್ಲಿ ಕರಗಿಹೋಗಿದೆಯೇ, ಎಷ್ಟು ವರ್ಷಗಳ ಅವಧಿಯನ್ನು ಪರಿಗಣಿಸಲಾಗಿದೆ, ಕೆರೆಯ ಮಟ್ಟವನ್ನು ಅಳೆಯುವವರು ಯಾರು, ಬರಗಾಲದ ವರ್ಷದ ಮಾಹಿತಿಯ ಮೇಲೆ ನಿಯಮವನ್ನು ಪರೀಕ್ಷಿಸಲಾಗಿದೆಯೇ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಅಪೇಕ್ಷಣೀಯ. ಸಾರ್ವಜನಿಕ ಪ್ರಾಧಿಕಾರದ ಬಳಿ ಇರುವ ಇಂತಹ ದಾಖಲೆಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ.